ಇಪ್ಪತ್ತಮೂರು ನೀರುನಾಯಿಗಳು ಮತ್ತು ನನ್ನ ಒಂದು ಸುಳ್ಳು

ವನ್ಯಜೀವಿಗಳ ಬದುಕಿನ ಅಧ್ಯಯನವನ್ನೂ ಅವುಗಳ ವಂಶವಾಹಿಗಳ ಶೋಧನೆಯನ್ನೂ ಒಂದೇ ನೊಗಕ್ಕೆ ಹೂಡಿ, ಕಣ್ಣಿಗೆ ಬೀಳದ ಪ್ರಾಣಿಯನ್ನು ಅದರ ಹಿಕ್ಕೆಯಿಂದಲೇ ಗುರುತಿಸಿ ಎಣಿಸುವ ವಿದ್ಯೆಯನ್ನು ಮೂವತ್ತೊಂದು ವರ್ಷ ಕಲಿಸಿದ ನಮ್ಮ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಗ್ರಂಥಕ್ಕೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಒಳ್ಳೆಯ ಮಾತಿಗೇನು ಬರ! ಆದರೆ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಬಾಯಲ್ಲಿ ಬೆಲ್ಲ ಸುರಿಸುವ ಕಲೆ ನನಗೆ ಬಾರದು.

ಸಂಸ್ಥೆಯ ನೆಲಮಾಳಿಗೆಯ ಕೊನೆಯ ಕೋಣೆ ಅವರದು. ಅಲ್ಲಿನ ಫ್ರಿಜ್ ತೆರೆದರೆ ಕೊಳೆತ ಮೀನಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಜೀಪಿನ ಚಾಲಕರು ಅವರಿಗೆ 'ಹಿಕ್ಕೆ ಮೇಡಂ' ಎಂದೇ ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ, "ಸದ್ಯ, ಮೇಡಂ ಅನ್ನೋದನ್ನ ಬಿಟ್ಟಿಲ್ವಲ್ಲ" ಎಂದು ನಕ್ಕಿದ್ದರು. ನಾನು ಅವರ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ನನ್ನ ಪಾಲಿನ ನದೀತೀರವನ್ನೂ ತಾವೇ ನಡೆದು, ಬಂಡೆಗಳ ಮೇಲಿನ ನೀರುನಾಯಿ ಹಿಕ್ಕೆಯನ್ನು ಹೆಕ್ಕಿ, ಚೀಟಿಯ ಮೇಲೆ ನನ್ನ ಹೆಸರು ಬರೆದಿಟ್ಟವರು ಅವರು.

ಅವರದು ಒಂದೇ ಕಟ್ಟಳೆ: ಪ್ರತಿ ಮಾದರಿಯನ್ನೂ ಮೂರು ಸಲ ಪರೀಕ್ಷಿಸಬೇಕು, ಮೂರೂ ಒಪ್ಪಿದರೆ ಮಾತ್ರ ನಂಬಬೇಕು. ಹಳಸಿದ ಹಿಕ್ಕೆಯಲ್ಲಿ ವಂಶವಾಹಿಯ ಗುರುತು ಅರ್ಧಂಬರ್ಧ ಸಿಗುತ್ತದೆ. ಆಗ ಒಂದೇ ಪ್ರಾಣಿ ಎರಡಾಗಿ ಕಾಣುತ್ತದೆ. ನಾನು ಮಹಾ ಬುದ್ಧಿವಂತ, ಒಂದು ಸಲ ಪರೀಕ್ಷಿಸಿ ಉಳಿದ ಎರಡು ಸಾಲಿಗೂ ಅದೇ ಅಂಕಿಗಳನ್ನು ತುಂಬಿದೆ. ಇಲ್ಲದ ಒಂಬತ್ತು ನೀರುನಾಯಿಗಳು ಲೆಕ್ಕಕ್ಕೆ ಸೇರಿ ಲೇಖನ ಅಚ್ಚಾಯಿತು. ಎರಡು ವರ್ಷದ ಮೇಲೆ ಸುಳ್ಳು ಬಯಲಾದಾಗ ಮೇಡಂ ಲೇಖನವನ್ನು ಹಿಂತೆಗೆದುಕೊಂಡರು. 'ಹೊಣೆ ಸಂಪೂರ್ಣ ನನ್ನದು' ಎಂದು ಪತ್ರಿಕೆಗೆ ಬರೆದರು. ಆ ಪತ್ರದಲ್ಲಿ ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ನನಗೆ ಹೇಳಿದ್ದು ಇಷ್ಟೇ: "ಮೂರು ಸಲ ಮಾಡು ಅಂದಿದ್ದೆ. ಈಗ ಆರು ಸಲ ಮಾಡು, ಹೋಗು."

ಮುಂದೆ ನಾನು ಪದವಿ ಪಡೆದೆ, ಅದೇ ಸಂಸ್ಥೆಯಲ್ಲಿ ಕೆಲಸವನ್ನೂ ಪಡೆದೆ. ಕಳೆದ ವರ್ಷ ಆ ನದಿಗೆ ಅಣೆಕಟ್ಟೆ ಕಟ್ಟುವ ಮಾತು ಬಂತು. ಹೆಜ್ಜೆಗುರುತು ನೋಡಿ ಎಣಿಸಿದ ಸರ್ಕಾರಿ ವರದಿ ಅರವತ್ತೊಂದು ನೀರುನಾಯಿಗಳಿವೆ, ಚಿಂತೆಯಿಲ್ಲ ಎಂದಿತು. ಮೇಡಂ ಲೆಕ್ಕದಲ್ಲಿ ಇದ್ದದ್ದು ಇಪ್ಪತ್ತಮೂರು. ಅಣೆಕಟ್ಟೆಯ ಮೊದಲ ವಿಚಾರಣೆಯ ಸಭೆಯಲ್ಲಿ ಅವರು ಬಿಡಿಸಿ ಹೇಳಿದರು: "ಮೇಲಿನ ಹೊಳೆಯಿಂದ ಗಂಡು ಬರೋ ದಾರಿ ಮುಚ್ಚಿದ್ರೆ ಕೆಳಗೆ ಬರೀ ಅಣ್ಣ-ತಂಗೀರೇ ಉಳೀತಾರೆ. ಆಮೇಲೆ ಮರಿಗಳು ಬದುಕಲ್ಲ."

ನಮ್ಮ ನಿರ್ದೇಶಕರು ಕನ್ನಡಕ ಒರೆಸುತ್ತಾ ಕೇಳಿದರು: "ಹಿಂದೊಮ್ಮೆ ಎಣಿಕೆ ತಪ್ಪಿ ಲೇಖನ ವಾಪಸ್ ತಗೊಂಡವರು ನೀವೇ ಅಲ್ವಾ?"

ಸಭೆ ನಕ್ಕಿತು. ಎರಡನೆಯ ಸಾಲಿನಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಮೇಡಂ ನನ್ನ ಕಡೆ ತಿರುಗಿಯೂ ನೋಡದೆ, "ಹೌದು, ನಾನೇ" ಎಂದು ಕಾಗದಗಳನ್ನು ಜೋಡಿಸಿಕೊಂಡರು. ಥೂ, ನನ್ನ ಜನ್ಮಕ್ಕಿಷ್ಟು!

ಅದೇ ನಿರ್ದೇಶಕರು ಈಗ ಈ ಅಭಿನಂದನ ಸಮಿತಿಯ ಅಧ್ಯಕ್ಷರು. ಮುನ್ನುಡಿಯಲ್ಲಿ ಮೇಡಂ ಅವರನ್ನು 'ಸಂಸ್ಥೆಯ ಹೆಮ್ಮೆ' ಎಂದು ಕರೆದಿದ್ದಾರೆ. ಹೆಮ್ಮೆಯಂತೆ! ಅವರ ಇಪ್ಪತ್ತಮೂರನ್ನು ಕಸದ ಬುಟ್ಟಿಗೆ ಹಾಕಿ, ಹೆಗಲಿಗೆ ಶಾಲು ಹೊದಿಸಿದರೆ ಮುಗಿಯಿತೇ? ನಿರ್ದೇಶಕರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ನನ್ನನ್ನು ಹೆಚ್ಚು ಸುಡುತ್ತಿದೆ.

ಇದನ್ನೆಲ್ಲ ಬರೆಯುತ್ತೇನೆಂದು ಮೇಡಂಗೆ ಫೋನು ಮಾಡಿದೆ. "ಕೆಲಸ ಹೋಗುತ್ತೆ ಕಣೋ" ಎಂದರು.

"ಹೋಗ್ಲಿ ಮೇಡಂ."

"ಹಾಗಾದ್ರೆ ಪುಸ್ತಕಕ್ಕೆ ಯಾಕೆ? ಅಭಿನಂದನ ಗ್ರಂಥ ಯಾರಪ್ಪಾ ಓದ್ತಾರೆ? ಅಣೆಕಟ್ಟೆ ವಿಚಾರಣೆಗೆ ಕಳಿಸು."

ಕಳಿಸಿದ್ದೇನೆ. ಸುಳ್ಳು ಅಂಕಿ ತುಂಬಿದವನು ನಾನು ಎಂದು ಸಹಿ ಮಾಡಿ, ನನ್ನ ಹಳೆಯ ನೋಟುಪುಸ್ತಕವನ್ನೂ ಜೊತೆಗಿಟ್ಟು ಕಳಿಸಿದ್ದೇನೆ. ಮೇಡಂ ನೂರು ವರ್ಷ ಬಾಳಲಿ, ಅಷ್ಟೂ ವರ್ಷ ಆ ನದಿ ಅವರ ಮೊಣಕಾಲಿನವರೆಗೆ ಹರಿಯುತ್ತಿರಲಿ. ಮುಂದಿನ ತಿಂಗಳು ಅಣೆಕಟ್ಟೆಯ ಕಡೆಯ ವಿಚಾರಣೆ. ಅಂದು ಅವರ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ಎಣಿಕೆ ತಪ್ಪಿದವರು ಯಾರೆಂದು ಕೇಳುವವರು ನನ್ನ ಮುಖ ನೋಡಿ ಕೇಳಲಿ.