ಶನಿ ಜಾರಿಹೋದ ವಿಡಿಯೊ

ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಪಕ್ಕದಲ್ಲೇ ದೂರದರ್ಶಕ ನಿಂತಿದೆ. ಸಂಜೆಗೆ ಶನಿಗ್ರಹ ಕಾಣುವ ತಿಂಗಳುಗಳಲ್ಲಿ ಸೀರೆಗಳನ್ನು ಬೇಗ ಎತ್ತಿಡದಿದ್ದರೆ ಆಕಾಶಕ್ಕೆ ನನ್ನ ಸೆರಗೇ ಅಡ್ಡ. ಭದ್ರಾವತಿಯ ನ್ಯೂ ಟೌನಿನಲ್ಲಿ ಹಿತ್ತಲಿದ್ದವರು ಕರಿಬೇವು ಬೆಳೆದರೆ, ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿದ್ದ ನಮ್ಮ ಮನೆಯವರು ಪೈಪು ಕೊಯ್ದು ಸ್ಟ್ಯಾಂಡು ಮಾಡಿಕೊಂಡು ಗ್ರಹಗಳ ಫೋಟೊ ತೆಗೆದರು. ಅದಕ್ಕೆ ಮೋಟಾರಿರಲಿಲ್ಲ, ಮೋಟಾರು ನಾನೇ.

ಭೂಮಿ ಸುಮ್ಮನೆ ಕೂರುವುದಿಲ್ಲವಲ್ಲ, ಹಿಡಿದ ಗ್ರಹ ನೋಡನೋಡುತ್ತಲೇ ಅಂಚಿಗೆ ಜಾರುತ್ತದೆ. ಅವರು ದೂರದರ್ಶಕದ ಕಣ್ಣಿಗೆ ಫೋನು ಹಿಡಿದು ವಿಡಿಯೊ ಮಾಡುವಾಗ ನಾನು ಸ್ಟ್ಯಾಂಡಿನ ತಿರುಪನ್ನು ಮೆಲ್ಲನೆ ತಿರುಗಿಸಬೇಕು. ಆಮೇಲೆ ಫೋನಿನ ಆ್ಯಪು ಆ ನಡುಗುವ ಚಿತ್ರಗಳಲ್ಲಿ ಚೆನ್ನಾಗಿರುವವನ್ನು ಆರಿಸಿ, ಒಂದರ ಮೇಲೊಂದು ಕೂಡಿಸಿ, ಬಳೆ ತೊಟ್ಟ ಶನಿಯನ್ನು ಕೊಡುತ್ತಿತ್ತು. ಚಿತ್ರ ಸಿಕ್ಕ ಮೇಲೆ ವಿಡಿಯೊ ಜಾಗಕ್ಕೆ ದಂಡವೆಂದು ಅವರೇ ಅಳಿಸಿಬಿಡುತ್ತಿದ್ದರು.

ಪಕ್ಕದ ಮನೆಯ ಸರೋಜಕ್ಕನಿಗೆ ಇದು ಸರಿಬರುತ್ತಿರಲಿಲ್ಲ. ಶನಿಗೆ ಎಳ್ಳೆಣ್ಣೆ ದೀಪ ಹಚ್ಚಿ ದೂರವಿರುವುದು ಬಿಟ್ಟು, ಫೋಟೊ ತೆಗೆದು ಮನೆಯೊಳಗೆ ಕರೆಯುವುದುಂಟೇ ಎನ್ನುತ್ತಿದ್ದರು. ಕಳೆದ ವರ್ಷ ಎದೆನೋವೆಂದು ಕುಳಿತ ನಮ್ಮ ಮನೆಯವರು ಮತ್ತೆ ಏಳಲಿಲ್ಲ. ಸರೋಜಕ್ಕ ಆಡಿ ತೋರಿಸಲಿಲ್ಲ. ಶನಿವಾರ ನನ್ನ ಹೆಸರಲ್ಲೂ ಒಂದು ದೀಪ ಹಚ್ಚಿ ಬಂದರು.

ಈಗ ಫೋನೂ ನಾನೇ, ತಿರುಪೂ ನಾನೇ. ಮೊನ್ನೆ ಸಂಜೆ ಅಂತೂ ಶನಿ ಸಿಕ್ಕಿತು. ಸಿಕ್ಕಿತೆಂದು ಯಾರಿಗೆ ಹೇಳಲಿ, ಗೆಳೆಯರೇ? ಅಳು ಬಂತು.

ಅವರದೇ ಫೋನು, ಜಾಗವಿಲ್ಲ, ಏನಾದರೂ ಅಳಿಸು ಎಂದಿತು. ಹುಡುಕುವಾಗ ಕೆಟ್ಟುಹೋದ ಒಂದು ವಿಡಿಯೊ ಕಂಡಿತು. ಚಿತ್ರವಾಗಲಿಲ್ಲವೆಂದು ಹಾಗೇ ಮರೆತದ್ದಿರಬೇಕು. ಶನಿ ಅಂಚಿಗೆ ಜಾರಿ ಮಾಯವಾದ ಮೇಲೆ ಬರೀ ಕಪ್ಪು. ಆ ಕಪ್ಪಿನಲ್ಲಿ ಅವರ ದನಿ: "ಹೋಯ್ತು ಮಾರಾಯ್ತಿ, ಎಲ್ಲಿ ನೋಡ್ತಿದ್ದೀಯ?"

"ಸೊಳ್ಳೆ ಕಚ್ತು ಕಣ್ರೀ."

"ಮೊದ್ಲು ಕೆರ್ಕೋ. ಶನಿ ಎಲ್ಲಿಗ್ ಹೋಗ್ತಾನೆ."

ಅವರ ಫೋಟೊಗಳು ಬೇಕಾದಷ್ಟಿವೆ, ದನಿ ಇನ್ನೆಲ್ಲೂ ಇಲ್ಲ. ಫೋನು ಮತ್ತೆ ಜಾಗ ಕೇಳಿದಾಗ ಕೈತಪ್ಪಿ ಇದೂ ಅಳಿಸಿಹೋದೀತೆಂದು ಹೆದರಿ, ಫೋನಿಗೆ ಉಸಿರಾಡಲು ಜಾಗವಾಗಲೆಂದು ಚಂದದ ಶನಿಗಳನ್ನೆಲ್ಲ ಒಂದೊಂದಾಗಿ ಅಳಿಸಿದೆ, ಮೊನ್ನೆಯದನ್ನೂ. ಸರೋಜಕ್ಕನಿಗೆ ಹೇಳಿದಾಗ, ಈಗಲಾದರೂ ಬುದ್ಧಿ ಬಂತಲ್ಲ ಎಂದು ಸಮಾಧಾನಪಟ್ಟರು.

ಮರುದಿನ ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಫೋನನ್ನು ಕಿವಿಗೊತ್ತಿಕೊಂಡು ಕುಳಿತಿದ್ದೆ. ಇಷ್ಟು ಹೊತ್ತು ಯಾರ ಹತ್ತಿರ ಮಾತು ಎಂದು ಸರೋಜಕ್ಕ ಬೇಲಿಯಾಚೆಯಿಂದ ಕೇಳಿದರು.

"ನಾನು ಮಾತಾಡ್ತಿಲ್ಲ ಸರೋಜಕ್ಕ," ಎಂದೆ. "ನಮ್ಮನೆಯವರು ಮಾತಾಡ್ತಿದಾರೆ."