ಗುಡ್ಡಪ್ಪನಿಗೆ ಕೌದಿ ಹೊದಿಸಿದ ಚಳಿಗಾಲ

ಆ ದಿನ ಬೆಳಿಗ್ಗೆ ನಲ್ಲಿ ತಿರುವಿದರೆ ನೀರು ಬರಲಿಲ್ಲ. ಜೇವರ್ಗಿ ಕಡೆಯವರಿಗೆ ಇದೇನು ಹೊಸದೇ? ನೀರು ಬಿಟ್ಟಿಲ್ಲ ಅಂದುಕೊಂಡು ಕೊಡ ಕೆಳಗಿಟ್ಟೆ. ಕೆಳಗಿನ ಮನೆಯ ಬಿಮ್ಲಾ ಅಂಗಳದಿಂದಲೇ ಕೂಗಿ ಹೇಳಿದಳು: ನೀರು ಬಂದಿದೆ, ಪೈಪಿನೊಳಗೇ ಇದೆ, ಕಲ್ಲಾಗಿದೆ, ಬಿಸಿಲು ಬೀಳುವವರೆಗೆ ಕಾಯಿರಿ. ಪೈಪು ಮುಟ್ಟಿ ನೋಡಿದವಳೇ ಕೈ ಹಿಂದಕ್ಕೆಳೆದುಕೊಂಡೆ. ಊರಲ್ಲೂ ಹೀಗೆ ಕೈ ಎಳೆದುಕೊಳ್ಳುತ್ತೇವೆ, ಆದರೆ ಅದು ಮೇ ತಿಂಗಳ ಮಧ್ಯಾಹ್ನ, ಟಾಕಿಯ ನೀರು ಚರ್ಮ ಸುಡುವಾಗ. ಅಲ್ಲಿ ಸ್ನಾನದ ನೀರನ್ನು ಬೆಳಿಗ್ಗೆಯೇ ಹಿಡಿದಿಟ್ಟು ಆರಿಸಬೇಕು. ಇಲ್ಲಿ ನೀರನ್ನು ಮೊದಲು ನೀರು ಮಾಡಬೇಕು.

ನಾವಿರುವುದು ಹಿಮಾಚಲದ ಕುಲ್ಲು ಕಣಿವೆಯಲ್ಲಿ. ನಮ್ಮ ಮನೆಯವರಿಗೆ ಇಲ್ಲಿನ ಒಂದು ಜಲವಿದ್ಯುತ್ ಯೋಜನೆಯಲ್ಲಿ ಕೆಲಸ. ವಾರವೆಲ್ಲ ಮೇಲಿನ ಕ್ಯಾಂಪಿನಲ್ಲಿದ್ದು ಭಾನುವಾರ ಕೆಳಗಿಳಿದು ಬರುತ್ತಾರೆ. ಉಳಿದ ದಿನ ಮಹಡಿಯ ಬಾಡಿಗೆ ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ, ಕೊಳಕೂರದ ನೀಲಮ್ಮ. ಮನೆಯ ಗೋಡೆ ಅರ್ಧ ಕಲ್ಲು, ಅರ್ಧ ದೇವದಾರು ಮರ. ಮೊದಲ ದಿನ ಅತ್ತೆ ಗೋಡೆ ತಟ್ಟಿ ನೋಡಿ, "ಇದೇನ್ ಬೇ, ಪೆಟಿಗ್ಯಾಗ ಇಟ್ಟಾನಲ್ಲ ನಮ್ಮನ್ನ" ಅಂದಿದ್ದರು. ಆ ಪೆಟ್ಟಿಗೆ ಎಷ್ಟು ಬೆಚ್ಚಗಿರುತ್ತದೆ ಎಂಬುದು ಚಳಿ ಬಿದ್ದ ಮೇಲೆ ತಿಳಿಯಿತು. ಇದನ್ನು ಕಟ್ಟಿದ ಜನರ ಕೈಗೆ ಮುತ್ತಿಡಬೇಕು ಅನ್ನಿಸಿತು.

ಭಾಷೆಯ ಬಗ್ಗೆ ನನಗೆ ಭಾರಿ ಧೈರ್ಯವಿತ್ತು. ಕಲಬುರಗಿ ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಹಿಂದಿ ಬರುವುದಿಲ್ಲವೇ? ಬಿಮ್ಲಾ ಮೊದಲ ಸಲ ಊಟಕ್ಕೆ ಕರೆದು ಅನ್ನದ ಮೇಲೆ ತುಪ್ಪ ಸುರಿಯತೊಡಗಿದಾಗ ಕೈ ಅಡ್ಡ ಹಿಡಿದು "ನಕ್ಕೋ, ನಕ್ಕೋ" ಅಂದೆ. ಬೇಡ ಅನ್ನಲು ನಮ್ಮ ಕಡೆ ಉರ್ದು ಆಡುವವರೆಲ್ಲ ಅನ್ನುವ ಮಾತು. ಅವಳು ತುಪ್ಪದ ಸೌಟು ಹಿಡಿದುಕೊಂಡೇ ನನ್ನ ಮೂಗನ್ನು ದಿಟ್ಟಿಸಿದಳು. ಹಿಂದಿಯಲ್ಲಿ ನಾಕ್ ಅಂದರೆ ಮೂಗು! ಮೂಗಿಗೇನಾಯಿತು ಎಂದು ಅವಳು ಕೇಳಿದಾಗ ನಾನು ನಕ್ಕು ನಕ್ಕು ಸುಸ್ತಾದೆ. ಅಂದಿನಿಂದ ಅವಳೂ "ನಕ್ಕೋ" ಅನ್ನುತ್ತಾಳೆ, ಹಸುವಿಗೂ ಅನ್ನುತ್ತಾಳೆ.

ಅತ್ತೆಗೆ ಆ ಉರ್ದುವೂ ಇಲ್ಲ. ಊರಲ್ಲಿ ಕಟ್ಟೆಯ ಮೇಲೆ ಕೂತರೆ ಹಾದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದವರು. ಇಲ್ಲಿ ಬಾಯಿ ಕಟ್ಟಿದಂತಾಯಿತು. ಬಿಮ್ಲಾಳ ಮನೆಗೆ ಕರೆದರೆ ಬರಲೊಲ್ಲರು. ಅದಕ್ಕೆ ಕಾರಣ ತಂದೂರು. ಇಲ್ಲಿನವರು ಕೋಣೆ ಬೆಚ್ಚಗಿಡಲು ಕಟ್ಟಿಗೆ ಉರಿಸುವ ತಗಡಿನ ಒಲೆ ಇಡುತ್ತಾರೆ, ಅದರ ಹೊಗೆ ಕೊಳವೆಯಲ್ಲಿ ಚಾವಣಿ ದಾಟಿ ಹೋಗುತ್ತದೆ. ಅದಕ್ಕೆ ತಂದೂರು ಎಂದು ಹೆಸರು. ಅತ್ತೆಗೆ ಗೊತ್ತಿದ್ದ ತಂದೂರು ಹೈವೇ ಢಾಬಾದ ಕೋಳಿ ಸುಡುವುದು. "ಕೊಳ್ಳಾಗ ಲಿಂಗ ಕಟಗೊಂಡು ಕೋಳಿ ಒಲಿ ಮುಂದ ಕುಂದ್ರಲೇನು?" ಎಂದು ಹಟ ಹಿಡಿದರು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಯ ನೈವೇದ್ಯ, ಚೆಲ್ಲಲು ಊರಲ್ಲಿರಲೇಬೇಕು ಎಂದು ಮಗನಿಂದ ಟಿಕೇಟು ತೆಗೆಸಿದರು, ಹೋಗುವ ಟಿಕೇಟು ಮಾತ್ರ. ಒಮ್ಮೆ ಹೋದರೆ ಅವರು ತಿರುಗಿ ಬರುವವರಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ವಾರವಿಡೀ ಈ ಮನೆಯಲ್ಲಿ ಕನ್ನಡ ಕೇಳದೆ ನಾನೊಬ್ಬಳೇ ಇರಬೇಕಿತ್ತು.

ಅವರಿಗೊಂದು ಜೊತೆ ಬೇಕು ಎಂದು ಪೇಟೆಯಲ್ಲಿ ಸುತ್ತಾಡುವಾಗ ಮೀನಿನ ಅಂಗಡಿ ಕಂಡಿತು. ಗಾಜಿನ ಬಟ್ಟಲಿನಲ್ಲಿ ಒಂದೇ ಒಂದು ಮೀನು, ನವಿಲ ಕೊರಳಿನ ನೀಲಿ, ಸೀರೆಯ ಸೆರಗಿನಷ್ಟು ದೊಡ್ಡ ಬಾಲ. ಏನಿದು ಎಂದರೆ ಅಂಗಡಿಯವನು "ಬೆಟ್ಟಾ ಹೈ ಜೀ" ಅಂದ. ಆಹಾ, ಬೆಟ್ಟದ ಮೀನು! ನಮ್ಮ ಕಡೆ ಬೆಟ್ಟಕ್ಕೆ ಗುಡ್ಡ ಅನ್ನುತ್ತೇವೆ. ಬೆಟ್ಟ ಶಾಲೆಯ ಪುಸ್ತಕದ ಮಾತು. ಆದರೂ ಅರ್ಥವಾಗದೇ? ಬೆಟ್ಟದ ಊರಿಗೆ ಬೆಟ್ಟದ ಮೀನೇ ಸರಿ, ಚಳಿಗೆ ಹುಟ್ಟಿದ ಜೀವ ಎಂದು ಖುಷಿಯಿಂದ ಹೊತ್ತು ತಂದೆ. ಹಿಮದ ಶಿಖರ ಕಾಣುವ ಕಿಟಕಿಯಲ್ಲೇ ಬಟ್ಟಲು ಇಟ್ಟೆ, ಪಾಪ, ತನ್ನ ಊರು ನೋಡಿಕೊಂಡಿರಲಿ ಎಂದು.

ಮೊದಲು ಅತ್ತೆ ಸಿಡುಕಿದರು. "ಲಿಂಗಾಯತರ ಮನ್ಯಾಗ ಮೀನಾ? ನಿನ್ನ ತೆಲಿ ನೆಟ್ಟಗದ ಏನ್ ಬೇ?" ತಿನ್ನಲಿಕ್ಕಲ್ಲರಿ, ನೋಡಲಿಕ್ಕೆ, ಇದು ಬೆಟ್ಟದ ಮೀನು ಎಂದೆ. "ಹಂಗಾರ ಗುಡ್ಡಪ್ಪ ಅನ್ನು" ಎಂದು ಅವರೇ ಹೆಸರಿಟ್ಟರು. ಹೆಸರಿಟ್ಟ ಮೇಲೆ ಮುಗಿಯಿತು. ಬೆಳಗಾದರೆ ಗುಡ್ಡಪ್ಪನ ಮುಂದೆ ಕೂತು ಊರ ಸುದ್ದಿಯೆಲ್ಲ ಹೇಳತೊಡಗಿದರು. ಜೋಳದ ರೊಟ್ಟಿಯ ಚೂರು ಹಾಕಿದರು, ಅವನು ಬಾಯಿಗೆ ತೆಗೆದುಕೊಂಡು ಉಗುಳಿದ. ಅಂಗಡಿಯವನು ಕೊಟ್ಟ ಡಬ್ಬಿಯಲ್ಲಿ ಒಣಗಿದ ಹುಳ ಕಂಡು ಅತ್ತೆ ಒಂದಿಡೀ ದಿನ ಮಾತು ಬಿಟ್ಟರು. ಮರುದಿನ ಹಳೆಯ ಚಮಚವೊಂದನ್ನು ಬೇರೆ ಇಟ್ಟು, "ಅದರ ಹೊಟ್ಟಿಗಿ ಅದರ ಊಟ. ನಾ ಮುಟ್ಟಂಗಿಲ್ಲ, ನೀನಽ ಹಾಕು" ಎಂದರು.

ಚಳಿ ಏರಿದಂತೆ ಗುಡ್ಡಪ್ಪ ಇಳಿದ. ಬಣ್ಣ ಮಾಸಿತು, ಬಾಲ ಮುದುಡಿತು, ಬಟ್ಟಲಿನ ತಳದಲ್ಲಿ ಒರಗಿ ಬಿದ್ದುಕೊಂಡ. ಗಾಬರಿಯಾಗಿ ಫೋನಿನಲ್ಲಿ ಹುಡುಕಿ ಓದಿದೆ. ಬೆಟ್ಟಾ ಎಂಬುದು ಬೆಟ್ಟವೇ ಅಲ್ಲ! ಇವನ ಮೂಲ ದೂರದ ಥಾಯ್ಲೆಂಡ್ ಕಡೆಯ ಭತ್ತದ ಗದ್ದೆ, ನಿಂತ ಬೆಚ್ಚನೆ ನೀರು. ಫ್ಯಾನು ಹಾಕಬೇಕೋ ಬೇಡವೋ ಅನ್ನುವಷ್ಟು ಬಿಸುಪಿನ ನೀರಿನಲ್ಲಿ ಸದಾ ಇರಬೇಕು. ಮೀನಾದರೂ ಮೇಲೆ ಬಂದು ಗಾಳಿ ಕುಡಿಯುತ್ತಾನೆ, ಆದ್ದರಿಂದ ನೀರಿನ ಮೇಲಿನ ಗಾಳಿಯೂ ತಣ್ಣಗಿರಬಾರದು. ಅತ್ತೆಗೆ ಹೇಳಿದೆ. ಅವರು ಬಟ್ಟಲಿನ ಮೇಲೆ ಬಾಗಿ, "ಅಯ್ಯ ನನ್ನಪ್ಪಾ, ನೀನೂ ಬಿಸಲನಾಡವನಽ ಏನೋ! ಹಿಮದ ಮುಂದ ಕುಂದ್ರಿಸ್ಯಾಳಲ್ಲೋ ನಿನ್ನ" ಎಂದು ನನ್ನ ಕಡೆ ಕೆಂಗಣ್ಣು ಬಿಟ್ಟರು.

ಆ ಭಾನುವಾರ ನಮ್ಮ ಮನೆಯವರು ಮಂಡಿ ಪಟ್ಟಣದ ಪೇಟೆಯಿಂದ ಗಾಜಿನ ತೊಟ್ಟಿ, ಮುಚ್ಚಳ, ನೀರು ಬೆಚ್ಚಗಿಡುವ ಪುಟ್ಟ ಹೀಟರು ತಂದರು. ಅತ್ತೆಯ ಮುಖ ನೋಡಬೇಕಿತ್ತು! ಹೀಟರಿನ ಕೆಂಪು ದೀಪ ಹತ್ತಿದರೆ ದೇವರ ಮುಂದೆ ದೀಪ ಹಚ್ಚಿದಷ್ಟು ಸಮಾಧಾನ ಅವರಿಗೆ. ಗುಡ್ಡಪ್ಪ ಮತ್ತೆ ನೀಲಿಯಾದ. ಕನ್ನಡಿ ತೋರಿಸಿದರೆ ಕಿವಿರು ಬಿಚ್ಚಿ ಜಗಳಕ್ಕೆ ನಿಂತ. "ನಮ್ಮ ಮಾವ ಹಿಂಗಽ ಇದ್ದ" ಎಂದು ಅತ್ತೆ ನಕ್ಕರು.

ಅವರು ಊರಿಗೆ ಹೊರಡುವುದಕ್ಕೆ ಸ್ವಲ್ಪ ಮುಂಚೆ ಹಿಮ ಬಿತ್ತು. ಎಂಥ ಚೆಲುವು ಅದು! ಸದ್ದೇ ಇಲ್ಲ. ನಮ್ಮಲ್ಲಿ ಮಳೆ ಬಂದರೆ ತಗಡು ಬಡಿದು ಊರಿಗೆಲ್ಲ ಸಾರುತ್ತದೆ. ಇಲ್ಲಿ ಕಿಟಕಿ ತೆರೆದಾಗಲೇ ಗೊತ್ತಾಗುವುದು. ನೋಡುತ್ತ ನಿಂತಿದ್ದಂತೆಯೇ ಕರೆಂಟು ಹೋಯಿತು. ಕಣಿವೆಯೆಲ್ಲ ಕರೆಂಟು ಹುಟ್ಟಿಸುವ ಊರಿನಲ್ಲಿ ಕರೆಂಟಿಲ್ಲ! ಎಲ್ಲೋ ಮರ ಬಿದ್ದು ತಂತಿ ಹರಿದಿದೆ, ಯಾವಾಗ ಬರುತ್ತದೋ ಹೇಳಲಾಗದು ಎಂದು ಕೆಳಗಿನಿಂದ ಬಿಮ್ಲಾ ಕೂಗಿದಳು. ಹೀಟರಿನ ದೀಪ ಆರಿತ್ತು.

ಅತ್ತೆ ಟ್ರಂಕು ತೆರೆದು ಕೌದಿ ತೆಗೆದರು. ತಮ್ಮ ತಾಯಿಯ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ತಾವೇ ಹೊಲಿದದ್ದು, ಊರಿಗೆ ಒಯ್ಯಲೆಂದು ಮಡಚಿಟ್ಟಿದ್ದದ್ದು. ಅದನ್ನು ತೊಟ್ಟಿಯ ಸುತ್ತ ಸುತ್ತಿದರು, ಗಾಳಿಗೆಂದು ಮೇಲೆ ಒಂದು ಮೂಲೆ ಬಿಟ್ಟರು. ನಾನು ನೀರು ಕಾಯಿಸಿ ಬಾಟಲಿಗಳಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ ತೊಟ್ಟಿಯಲ್ಲಿ ತೇಲಿಬಿಟ್ಟೆ. ಬಿಸಿನೀರನ್ನೇ ಸುರಿದರೆ ಮೀನು ಸತ್ತೇಹೋಗುತ್ತದೆ, ಬಿಸುಪು ಮೆಲ್ಲಗೆ ಏರಬೇಕು. ಅತ್ತೆ ಬಾಣಂತಿ ಕೋಣೆಯಲ್ಲಿ ಕೂಸಿನ ನೀರು ನೋಡುವಂತೆ ಮೊಳಕೈ ಅದ್ದಿ ನೋಡಿ, "ಇನ್ನೂ ತಣ್ಣಗ ಅದ, ಇನ್ನೊಂದು ಬಾಟ್ಲಿ ತಾ" ಅನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಗ್ಯಾಸು ಮುಗಿಯಿತು. ಹೊಸ ಸಿಲಿಂಡರು ತರುವ ದಾರಿಯೇ ಹಿಮದಡಿ ಇತ್ತು. ಗುಡ್ಡಪ್ಪ ತಳಕ್ಕಿಳಿದು ಓರೆಯಾಗಿ ಮಲಗಿದ್ದ.

"ಅತ್ತೀ, ಕೆಳಗ ಒಯ್ಯೂಣೇನ್ರಿ? ಬಿಮ್ಲಾನ ಮನ್ಯಾಗ ತಂದೂರು ಉರಿಯಾಕತ್ತದ."

ಅತ್ತೆ ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡರು. "ಹಿಡಿ ಆ ಕಡೆ. ಮೆಟ್ಲ ಜಾರತಾವ, ಹುಷಾರು."

ಅರ್ಧ ನೀರು ತೆಗೆದು, ಕೌದಿ ಸಮೇತ ತೊಟ್ಟಿಯನ್ನು ಇಬ್ಬರೂ ಹಿಡಿದು, ಹಿಮ ಬಿದ್ದ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಳಿದೆವು. ಬಿಮ್ಲಾಳ ಮಾವ ತಂದೂರಿನ ಪಕ್ಕ ಹುಕ್ಕಾ ಸೇದುತ್ತ ಕೂತಿದ್ದ. ಕೌದಿ ಸರಿಸಿ ಇಣುಕಿ, "ಇಷ್ಟು ಸಣ್ಣ ಮೀನಿನಲ್ಲಿ ಯಾರ ಹೊಟ್ಟೆ ತುಂಬುತ್ತದೆ?" ಎಂದು ಕೇಳಿದ. ನಾನು ಅದನ್ನು ಅತ್ತೆಗೆ ಹೇಳದೆ ನುಂಗಿಕೊಂಡೆ. ಬಿಮ್ಲಾ ಮಾತ್ರ ಏನೂ ಕೇಳಲಿಲ್ಲ. ತಂದೂರಿಗೆ ತೀರಾ ಹತ್ತಿರ ಇಟ್ಟರೆ ಗಾಜು ಒಂದೇ ಕಡೆ ಕಾಯುತ್ತದೆ ಎಂದು ಸ್ವಲ್ಪ ದೂರದಲ್ಲಿ ಮರದ ಮಣೆ ಹಾಕಿಕೊಟ್ಟಳು, ತಂದೂರಿನ ಮೇಲೆ ಸದಾ ಇರುವ ಕೆಟಲಿನಿಂದ ನಮ್ಮ ಬಾಟಲಿ ತುಂಬಿದಳು. ಕೆಲಸ ಮುಗಿದ ಮೇಲೆ ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸಿ, ಯಾರು ಹೊಲಿದದ್ದು ಎಂದು ಸನ್ನೆಯಲ್ಲೇ ಕೇಳಿದಳು. ಅತ್ತೆ ಎದೆ ತಟ್ಟಿಕೊಂಡರು. ಬಿಮ್ಲಾ ತಾನು ಹೊದ್ದಿದ್ದ ಪಟ್ಟು, ಅಂದರೆ ಇಲ್ಲಿನ ಹೆಂಗಸರು ಪಿನ್ನು ಚುಚ್ಚಿ ಉಡುವ ಉಣ್ಣೆಯ ಹೊದಿಕೆ, ಅದರ ಅಂಚು ತೋರಿಸಿ ತಾನೂ ಎದೆ ತಟ್ಟಿಕೊಂಡಳು.

ಆಮೇಲೆ ಶುರುವಾಯಿತು ನೋಡಿ! ಅತ್ತೆ ಕನ್ನಡದಲ್ಲಿ, ಬಿಮ್ಲಾ ಕುಲ್ಲುವಿ ಮಾತಿನಲ್ಲಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೆ ಯಾರೂ ನಿಲ್ಲಿಸಲಿಲ್ಲ. ಬಿಮ್ಲಾ ಹಬೆಯಲ್ಲಿ ಬೇಯಿಸಿದ ಸಿಡ್ಡು ತಂದಿಟ್ಟಳು. ಗೋಧಿ ಹಿಟ್ಟಿನೊಳಗೆ ಅಕ್ರೋಟಿನ ಹೂರಣ, ಮೇಲೆ ತುಪ್ಪ. ಅತ್ತೆ ಅನುಮಾನದಿಂದ ಮುರಿದು ಮೂಸಿ ಬಾಯಿಗಿಟ್ಟು, "ನಮ್ಮ ಕಡಬು! ಖರೇನ ಕಡಬು ಬೇ ಇದು!" ಎಂದು ಇನ್ನೊಂದಕ್ಕೆ ಕೈ ಚಾಚಿದರು. ಊಟದ ನಡುವೆ ಟುಪ್ಪೆಂದು ಸಣ್ಣ ಸದ್ದು. ಗುಡ್ಡಪ್ಪ ಮೇಲೆ ಬಂದು ಗಾಳಿ ಕುಡಿದು ಮತ್ತೆ ಇಳಿದ. ಅತ್ತೆ ಸಿಡ್ಡು ಕೆಳಗಿಟ್ಟು ಬಿಮ್ಲಾಳ ಕೆನ್ನೆ ಸವರಿ ಲಟಿಗೆ ಮುರಿದರು. ನನಗೆ ಅಳು ತಡೆಯಲಾಗಲಿಲ್ಲ.

ಕರೆಂಟು ಬರುವವರೆಗೆ ನಾವು ಕೆಳಗೇ ಇದ್ದೆವು. ದಾರಿ ತೆರೆದ ಮೇಲೆ ಅತ್ತೆ ಊರಿಗೆ ಹೊರಟರು, ಬಿಟ್ಟು ಬರಲು ನಮ್ಮ ಮನೆಯವರೂ ಹೋದರು. ನಾನು ಬೇಡ ಅನ್ನಲಿಲ್ಲ. ಹೊಲ, ಚರಗ, ಆಳಂದ, ಅಫಜಲಪುರದ ಬೀಗರು, ಅವರ ಬದುಕೆಲ್ಲ ಅಲ್ಲಿದೆ. ಬಸ್ಸು ತಿರುವಿನಲ್ಲಿ ಮರೆಯಾದಾಗ, ಹೋದರು, ಇನ್ನು ಬರುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಮನೆಗೆ ಬಂದೆ.

ಎಳ್ಳಮಾವಾಸ್ಯೆಯ ಮಧ್ಯಾಹ್ನ ಹೊಲದಿಂದಲೇ ಫೋನು ಮಾಡಿದರು. ಹಿಂದೆ ಮಂದಿಯ ಗದ್ದಲ, ಯಾರೋ ಹುಲ್ಲುಲ್ಲಿಗೋ ಎಂದು ಕೂಗುತ್ತ ಚರಗ ಚೆಲ್ಲುತ್ತಿದ್ದರು. ಭಜ್ಜಿ, ಸಜ್ಜೆಯ ಕಡುಬು, ತೊಗರಿ ಹೊಲದ ಬಿಸಿಲು ಎಲ್ಲ ಕಣ್ಣ ಮುಂದೆ ಬಂದು, ಈಗಲೇ ಓಡಿಹೋಗಬೇಕು ಅನ್ನಿಸಿತು ನನಗೆ. ಊಟ ಹೇಗಿತ್ತು ಎಂದು ಕೇಳುವಷ್ಟರಲ್ಲಿ ಅವರೇ ತಡೆದರು.

"ಅದಿರ್ಲಿ ಬೇ. ನನ್ನ ಟಿಕೀಟ್ ತಗಸಂತ ಹೇಳಿದ್ನಲ್ಲ ನಿನ್ನ ಗಂಡಗ, ತಗಸ್ಯಾನೇನು?"

"ಎಲ್ಲಿಗ್ರಿ ಅತ್ತೀ?"

"ಎಲ್ಲಿಗಂದ್ರ? ಮನಿಗಿ!" ಎಂದು ಗದರಿದರು, ಕೊಳಕೂರದ ತಮ್ಮ ಹೊಲದಲ್ಲಿ ನಿಂತು.