ಚಲೋ ದಿನಕ್ಕೆ ಅಂಜಬೇಕು ಎಂದವರು

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಇವತ್ತು ನಮ್ಮ ಕುರುಗೋಡಿನಲ್ಲಿ ನನ್ನ ಮೊಮ್ಮಗಳು ಪಾಠ ಮಾಡಿದಳು! ಒಂದು ಕಾಲಕ್ಕೆ ತನ್ನ ಜಡೆ ತಾನು ಹೆಣೆದುಕೊಳ್ಳಲಾರದೆ ಕೂತಿದ್ದ ಹುಡುಗಿ, ಸಮುದಾಯ ಭವನದಲ್ಲಿ ಮೈತುಂಬ ನೋವು ಹೊತ್ತು ಬಂದವರ ಮುಂದೆ ನಿಂತು, ಈ ನೋವಿನ ಜೊತೆ ಬದುಕುವುದು ಹೇಗೆಂದು ಹೇಳಿಕೊಟ್ಟಳು. ನಾನು ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ನಗಲು ಹೋದರೆ ಅಳು ಬರುತ್ತಿತ್ತು.

ಅಷ್ಟು ಜನರ ನಡುವೆ ನನ್ನ ಕಣ್ಣು ಹುಡುಕಿದ್ದು ಮಣಿಕಟ್ಟಿನ ತನಕ ಮುಚ್ಚಿದ ಎರಡು ತೋಳುಗಳನ್ನು. ಬಳ್ಳಾರಿಯ ಕೋಟೆ ಗುಡ್ಡದ ಬಂಡೆ ರೊಟ್ಟಿ ಹಂಚಿನಂತೆ ಕಾಯುವ ಬೇಸಿಗೆಯಲ್ಲೂ, ಅವಳಿಗೆ ಇದನ್ನೆಲ್ಲ ಕಲಿಸಿದ ಟೀಚರಮ್ಮ ಉದ್ದ ತೋಳಿನ ಕುಪ್ಪಸವನ್ನೇ ತೊಡುತ್ತಿದ್ದರು. ಬೆವರು ಬೆರಳ ತುದಿಗೆ ಇಳಿದು ಬಂದರೂ ತೋಳಿನ ಗುಂಡಿ ಬಿಚ್ಚುತ್ತಿರಲಿಲ್ಲ. ಏಕೆಂದು ಯಾರೂ ಕೇಳಿರಲಿಲ್ಲ. ಕೇಳಬಾರದ್ದೇನೋ ಅಲ್ಲಿ ಇದೆ ಎಂದು ನನಗೆ ಮೊದಲ ದಿನವೇ ಅನ್ನಿಸಿತ್ತು.

ನನ್ನ ಮೊಮ್ಮಗಳು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕಿದ್ದಳು. ನೋವು ಮೊದಲು ಭುಜಕ್ಕೆ ಬಂತು, ಆಮೇಲೆ ಬೆನ್ನಿಗೆ, ಆಮೇಲೆ ಎಲ್ಲಿ ಮುಟ್ಟಿದರೆ ಅಲ್ಲಿಗೆ. ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ಯಾರೋ ಬಡಿದು ಹಾಕಿದವಳ ಹಾಗೆ ಏಳುತ್ತಿದ್ದಳು. ರಕ್ತ ನೋಡಿಸಿದೆವು, ಎಕ್ಸ್‌ರೇ ತೆಗೆಸಿದೆವು, ಎಲ್ಲ ಸರಿ ಇದೆ ಎಂದರು. ಆ ಮಾತೇ ಅವಳಿಗೆ ಮುಳುವಾಯಿತು. ಎಲ್ಲ ಸರಿ ಇದ್ದ ಮೇಲೆ ಇದು ಸೋಗು ಎಂದರು ಕೆಲವರು, ಗಾಳಿ ಸೋಕಿದೆ ಎಂದರು ಉಳಿದವರು. ಕಡೆಗೆ ಒಬ್ಬ ಡಾಕ್ಟರು ಅದಕ್ಕೊಂದು ಹೆಸರು ಹೇಳಿ, ಆಸ್ಪತ್ರೆಯ ಮಾಳಿಗೆಯ ಮೇಲೆ ವಾರಕ್ಕೊಮ್ಮೆ ನಡೆಯುವ ಪಾಠಕ್ಕೆ ಕಳಿಸಿದರು. ಫೈಬ್ರೊಮಯಾಲ್ಜಿಯಾ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಆ ಹೆಸರನ್ನು ಇಲ್ಲಿ ಬರೆದುಕೊಟ್ಟದ್ದು ಮೊಮ್ಮಗಳೇ.

ಮೊದಲ ದಿನ ಟೀಚರಮ್ಮ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತು ಹೇಳಿದರು: "ಇದು ಹೋಗ್ತೈತಿ ಅಂತ ನಾ ಸುಳ್ಳು ಹೇಳಂಗಿಲ್ಲ. ಮನಿಯಾಗ ಹಾವು ಸೇರ್ಕೊಂಡಂಗ ಇದು. ಎಲ್ಲಿ ಮಲಗೈತಿ ಅಂತ ಗೊತ್ತಿದ್ರ, ಕಾಲು ಎಲ್ಲಿಡಬೇಕು ಅಂತ ಗೊತ್ತಾಗ್ತೈತಿ. ನನಗೂ ಐತಿ, ಸಣ್ಣಾಕಿ ಇದ್ದಾಗಿಂದ."

ಆಗಲೇ ಕೋಳಿ ಕೂಗಿತು. ನಡು ಮಧ್ಯಾಹ್ನ, ಮಾಳಿಗೆಯ ಮೇಲೆ, ಹುಂಜ! ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದ ಹುಂಜವನ್ನು ನಮ್ಮಲ್ಲಿ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ, ಕೇಡು ಬರುತ್ತದೆಂದು ಅವತ್ತೇ ಕೊಯ್ದುಬಿಡುತ್ತೇವೆ. ನೋಡಿದರೆ ಟೀಚರಮ್ಮನ ಫೋನು. ಅವರು ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು, ಗೋಡೆಗೆ ಒರಗಿ ನಿಂತರು.

"ಯಮ್ಮಾ, ಅಪಶಕುನ ಅಲ್ಲೇನ್ರೀ ಅದು?" ಎಂದು ಕೇಳಿಯೇಬಿಟ್ಟೆ.

"ಹೌದಮ್ಮ, ಅದಕ್ಕ ಇಟ್ಟೀನಿ. ಗಂಟಿ ಹೊಡದ್ರ ನಮ್ಮ ಹೆಣ್ಮಕ್ಕಳು ಇನ್ನೊಂದು ರೊಟ್ಟಿ ಬಡದು ಏಳ್ತಾರ. ಕೋಳಿ ಕೂಗಿದ್ರ ಅಂಜಿ ಕೈ ಬಿಡ್ತಾರ!" ಎಂದು ನಕ್ಕರು. ಕೆಲಸ ಎಷ್ಟೇ ಉಳಿದಿರಲಿ, ಕೋಳಿ ಕೂಗಿದ ಕೂಡಲೇ ನಿಲ್ಲಿಸಬೇಕು. ಸ್ವಲ್ಪ ಸುಧಾರಿಸಿಕೊಂಡು ಆಮೇಲೆ ಬೇಕಾದರೆ ಮತ್ತೆ ಹಿಡಿಯಬೇಕು. ಅದು ಅವರ ಪದ್ಧತಿ. "ಕೆಟ್ಟ ದಿನಕ್ಕ ಅಂಜಬ್ಯಾಡ್ರಿ, ಚಲೋ ದಿನಕ್ಕ ಅಂಜ್ರಿ" ಎಂದು ಪ್ರತಿ ವಾರ ಹೇಳುತ್ತಿದ್ದರು. ಮೈ ಹಗುರ ಎನ್ನಿಸಿದ ದಿನವೇ ಮನುಷ್ಯರು ಮಿತಿ ಮರೆತು ದುಡಿಯುತ್ತಾರಂತೆ. ಹಾವು ಆ ದಿನಕ್ಕೇ ಕಾಯುತ್ತದಂತೆ.

ಮೊಮ್ಮಗಳು ತನ್ನ ಫೋನಿಗೂ ಆ ಕೋಳಿಯನ್ನು ಹಾಕಿಸಿಕೊಂಡಳು. ದಿನ ಕಳೆದಂತೆ ಅವಳ ಮುಖದಲ್ಲಿ ನಗು ಕಂಡಿತು. ನಾವು ಚಲೋ ದಿನಕ್ಕೆ ಅಂಜುವುದನ್ನು ಮರೆತೆವು.

ಅವತ್ತು ಸಿರುಗುಪ್ಪದಿಂದ ನನ್ನ ಅಣ್ಣ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದ. ಮೊಮ್ಮಗಳು ಬೆಳಿಗ್ಗೆಯೇ, "ಅಜ್ಜೀ, ಇವತ್ತು ಮೈಯಾಗ ಏನೂ ನೋವಿಲ್ಲ ನೋಡು!" ಎಂದು ಕುಣಿದಳು, ಸಂಜೆ ತಾನೇ ರೊಟ್ಟಿಗೆ ಕೂತಳು. ದೀಪ ಹಚ್ಚುವ ಹೊತ್ತಿಗೆ ಕೋಳಿ ಕೂಗಿತು. ಅಣ್ಣ ಕೆರಳಿದ: "ಲೇ ತಂಗೆವ್ವ, ದೀಪ ಹಚ್ಚೂ ಮುಂದ ಇದೇನಲೇ? ಮನಿ ಹಾಳಾಗಬೇಕೇನು?" ನನ್ನ ಸೊಸೆ, ಅಂದರೆ ಹುಡುಗಿಯ ತಾಯಿ, ಮಾನಕ್ಕೆ ಅಂಜಿ ಓಡಿಹೋಗಿ ಫೋನಿನ ಬಾಯಿ ಮುಚ್ಚಿಸಿದಳು. ಆಮೇಲೆ ಕೋಳಿ ಕೂಗಲಿಲ್ಲ, ಹುಡುಗಿ ಏಳಲಿಲ್ಲ. ರೊಟ್ಟಿ ಬಡಿದಳು, ಪಾತ್ರೆ ತಿಕ್ಕಿದಳು, ಹಾಸಿಗೆ ಹಾಸಿದಳು.

ಮರುದಿನದಿಂದ ಹಾಸಿಗೆ ಹಿಡಿದಳು. ನೀರಿನ ಲೋಟ ಎತ್ತಲಾರಳು, ಸೀರೆ ತಾಗಿದರೂ ಮುಖ ಕಿವುಚುವಳು. ಅಣ್ಣನಿಗೆ ಇನ್ನೇನು ಬೇಕು? "ನಾ ಹೇಳ್ಲಿಲ್ಲೇನು, ಗಾಳೀನ ಇದು. ಬರಿ ಹಾಕ್ಸಿದ್ರ ಬಿಡ್ತೈತಿ. ಅಮಾಸಿ ಮುಂಜಾನಿ ಆ ಮನಷ್ಯಾನ್ನ ನಾನ ಕರಕೊಂಡು ಬರ್ತೀನಿ." ಬರಿ ಹಾಕುವುದೆಂದರೆ ಕಾದ ಕಬ್ಬಿಣದಿಂದ ಮೈ ಸುಡುವುದು. ನನ್ನ ಮಗ ತಲೆ ತಗ್ಗಿಸಿ ಕೂತ. ಬೇಡ ಎನ್ನುವ ಬಾಯಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹುಡುಗಿ ಗೋಡೆಯ ಕಡೆ ತಿರುಗಿಕೊಂಡೇ ಇದ್ದಳು.

ಅಮಾವಾಸ್ಯೆಯ ಹಿಂದಿನ ಸಂಜೆ ಅವಳ ಫೋನು ಬಡಿದುಕೊಂಡಿತು. ಪಾಠಕ್ಕೆ ಏಕೆ ಬರಲಿಲ್ಲ ಎಂದು ಟೀಚರಮ್ಮ ಕೇಳಿದರು. "ನಾಳಿಗೆ ಬರಿ ಹಾಕಸ್ತಾರ್ರೀ" ಎಂದೆ. ನಮ್ಮ ಮನೆ ಎಲ್ಲಿ ಬರುತ್ತದೆ ಎಂದಷ್ಟೇ ಕೇಳಿದರು. ಆಮೇಲೆ ಫೋನು ಇಟ್ಟರು.

ಅಮಾವಾಸ್ಯೆಯ ಬೆಳಿಗ್ಗೆ ಒಲೆಯಲ್ಲಿ ಕುಡುಗೋಲು ಕೆಂಪಗೆ ಕಾಯುತ್ತಿತ್ತು. ಅಣ್ಣ ಕರೆತಂದ ಮನುಷ್ಯ ಹುಡುಗಿಯ ತೋಳು ಹಿಡಿದು ಕೂತಿದ್ದ. ಅಷ್ಟರಲ್ಲಿ ಮೊದಲ ಬಸ್ಸಿಗೆ ಬಂದಿಳಿದ ಟೀಚರಮ್ಮ ಕುಂಟುತ್ತ ಒಳಗೆ ಬಂದರು.

"ಏನ್ರೀ ಯಜಮಾನ್ರ, ಒಲಿ ಮ್ಯಾಲ ಚಾ ಇಡೋದು ಬಿಟ್ಟು ಕುಡುಗೋಲು ಇಟ್ಟೀರಲ್ಲ?"

"ನೀವು ಪ್ಯಾಟಿ ಮಂದಿ. ನಿಮಗ ಇದೆಲ್ಲ ತಿಳಿಯಂಗಿಲ್ಲ, ಹೊರಗ ಕೂಡ್ರಿ" ಎಂದ ಅಣ್ಣ.

ಟೀಚರಮ್ಮ ಒಲೆಯ ಮುಂದೆ ಕೂತು ತೋಳಿನ ಗುಂಡಿ ಬಿಚ್ಚಿದರು. ಒಂದು ತೋಳು, ಆಮೇಲೆ ಇನ್ನೊಂದು. ಮೇಲಕ್ಕೆ ಮಡಚಿದಂತೆಲ್ಲ ಸುಟ್ಟ ಗೆರೆಗಳು ಕಾಣುತ್ತ ಹೋದವು, ಒಂದರ ಕೆಳಗೊಂದು, ಜಾಲಿಯ ತೊಗಟೆಯ ಹಾಗೆ.

"ನಾನು ಪ್ಯಾಟಿಯಾಕಿ ಅಲ್ರೀ, ರಾರಾವಿಯಾಕಿ. ನಿಮ್ಮ ಸಿರುಗುಪ್ಪ ತಾಲೂಕೇ. ಸಣ್ಣಾಕಿ ಇದ್ದಾಗ ನಮ್ಮ ಮಾವ ಹಾಕ್ಸಿದ್ದು ಇವು. ಸುಟ್ಟ ಮ್ಯಾಲ, ನೋವು ಹೋತೇನು ಅಂತ ಕೇಳಿದ್ರು. ಹೋಗಿಲ್ಲ ಅಂದೆ, ಮತ್ತೊಂದು ಹಾಕಿದ್ರು. ಕಡೀಕ ಹೋತು ಅಂದೆ. ಆಗ ಬಿಟ್ರು." ತೋಳುಗಳನ್ನು ಅಣ್ಣನ ಕಡೆ ಚಾಚಿ ಮತ್ತೆ ಹೇಳಿದರು: "ನಾ ಹೋತು ಅಂದಿದ್ದು ಕೇಳಿ ನಮ್ಮ ಓಣ್ಯಾಗ ಇನ್ನೊಂದು ಹುಡುಗಿಗೂ ಹಾಕ್ಸಿದ್ರು. ಆಕಿ ಒದರಿದ್ದು ಇನ್ನೂ ನನ್ನ ಕಿವಿಯಾಗೈತಿ. ಯಜಮಾನ್ರ, ಇವತ್ತು ಈ ಹುಡುಗೀನೂ ನಿಮಗ ಹೋತು ಅಂತಾಳ. ನೀವು ನಂಬ್ತೀರಿ."

ಹುಡುಗಿಯ ತೋಳು ಹಿಡಿದಿದ್ದ ಮನುಷ್ಯ ಕೈ ಸಡಿಲಿಸಿದ. ಅಣ್ಣ ಆ ತೋಳುಗಳನ್ನೇ ನೋಡುತ್ತಿದ್ದ. ಆಗ ಎದ್ದವಳು ನನ್ನ ಸೊಸೆ. ಇಕ್ಕಳದಿಂದ ಕುಡುಗೋಲು ಹಿಡಿದೆತ್ತಿ ನೀರಿನ ಬಕೀಟಿನಲ್ಲಿ ಅದ್ದಿದಳು. ಅದು ಚುಸ್ಸೆಂದು ಕೂಗಿದ ಸದ್ದಿಗೆ ಮೊಮ್ಮಗಳು ಗೋಡೆಯಿಂದ ಈ ಕಡೆ ತಿರುಗಿದಳು.

ಚಹಾ ಕುಡಿಯುವಾಗ ಟೀಚರಮ್ಮ ಕೇಳಿದರು: "ಕೋಳಿ ಬಾಯಿ ಮುಚ್ಚಿಸಿದ್ದು ಯಾರು?" ಸೊಸೆ "ನಾನರೀ" ಎಂದು ನೆಲ ನೋಡಿದಳು. "ಹಂಗಾದ್ರ ಇನ್ನ ಮ್ಯಾಲ ಕೋಳಿ ನಿನ್ನ ಫೋನಿನ್ಯಾಗ ಇರ್ಲಿ. ಚಲೋ ದಿನ ಬಂದಾಗ ಆಕಿಗೆ ನೆನಪಿರಂಗಿಲ್ಲ, ನೀನ ಕೂಗಿಸು." ಬೈಯಲಿಲ್ಲ, ಅಷ್ಟೇ ಅಂದರು.

ಆಮೇಲಿನ ವಾರಗಳಲ್ಲಿ ಮೊಮ್ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಪಾಠ ಮಾಡುವುದನ್ನು ಕಲಿಸಿದರು. "ಹೊಸ ನೋವಿಗೆ ಹಳೇ ಹೆಸರು ಇಡಬ್ಯಾಡ್ರಿ, ಹೋಗಿ ತೋರಿಸ್ರಿ" ಎಂಬುದು ಅವರ ಇನ್ನೊಂದು ಮಾತು. ಹೋದ ಚಳಿಗಾಲದಲ್ಲಿ ಅವರಿಗೇ ಎದೆಯಲ್ಲಿ ಹೊಸ ನೋವು ಬಂತು. ಹೇಳಿದಂತೆಯೇ ನಡೆದುಕೊಂಡರು, ತಾವೇ ಆಟೋ ಹಿಡಿದು ಆಸ್ಪತ್ರೆಗೆ ಹೋದರು. ತಿರುಗಿ ಬರಲಿಲ್ಲ. ನಾವು ಮಣ್ಣಿಗೆ ಹೋದಾಗಲೂ ಅವರ ತೋಳಿನ ಗುಂಡಿ ಹಾಕಿಯೇ ಇತ್ತು. ಒಳಗೇನಿದೆ ಎಂದು ಅಲ್ಲಿದ್ದವರಲ್ಲಿ ನಮಗಷ್ಟೇ ಗೊತ್ತಿತ್ತೋ ಏನೋ.

ಇವತ್ತು ಪಾಠ ಮುಗಿಸಿ ಬಂದ ಮೊಮ್ಮಗಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಿರುಗುಪ್ಪದಿಂದ ಅಣ್ಣನೂ ಬಂದಿದ್ದ. "ಎಲ್ಲಾರಿಗೂ ನಾನ ರೊಟ್ಟಿ ಮಾಡ್ತೀನಿ" ಎಂದು ಅವಳು ಹಿಟ್ಟು ನಾದಿಕೊಂಡು ಕೂತಳು. ಇಷ್ಟು ಚಲೋ ದಿನವನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ. ಸಂತೋಷದ ಅಡಿಯಲ್ಲೇ ಏನೋ ಸರಿದಾಡಿದಂತಾಯಿತು.

ದೀಪ ಹಚ್ಚಿದ ಹೊತ್ತಿಗೆ ಸೊಸೆಯ ಫೋನಿನಲ್ಲಿ ಕೋಳಿ ಕೂಗಿತು. ಎಲ್ಲರ ಕಣ್ಣು ಅಣ್ಣನ ಕಡೆ ಹೋಯಿತು. ಮೊಮ್ಮಗಳ ಅಂಗೈಯಲ್ಲಿ ಇನ್ನೊಂದು ಉಂಡೆ ಇತ್ತು.

"ಏಳವ್ವ," ಎಂದ ಅಣ್ಣ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಕೋಳಿ ಕೂಗ್ತು."

ಅವಳು ಉಂಡೆಯನ್ನು ಪರಾತದಲ್ಲೇ ಬಿಟ್ಟು ಎದ್ದಳು. ಉಳಿದ ಹಿಟ್ಟಿನ ಮೇಲೆ ಸೊಸೆ ತಾಟು ಮುಚ್ಚಿದಳು. ಆದಷ್ಟು ರೊಟ್ಟಿಗಳನ್ನು ನಡುವೆ ಇಟ್ಟು, ಎಣ್ಣೆಗಾಯಿ ಬಡಿಸಿಕೊಂಡು, ಅರ್ಧರ್ಧ ಮುರಿದು ಹಂಚಿಕೊಂಡು, ಮನೆಯವರೆಲ್ಲ ಒಟ್ಟಿಗೆ ಕೂತು ಉಂಡೆವು.